ಕಾಡುಕುದುರೆಗೆ ಗೊರಸು ಹೆರೆಯೋರು ಯಾರು?

ಗುಂಪು: ನಮ್ಮನೆಯವರು

ಚಿಕ್ಕಪ್ಪ (ಕಾಡುಕುದುರೆ ಫೋಟೋ ಜೊತೆ, ಹಲವು ಬಾರಿ ಫಾರ್ವರ್ಡ್ ಆಗಿದೆ): ಕಾಡಿನಲ್ಲಿ ಕುದುರೆಗೆ ಲಾಳ ಹೊಡೆಯುವವರು ಯಾರು? ಗೊರಸು ಹೆರೆಯುವವರು ಯಾರು? ಇಂದೇ ಲಾಳ ಕೀಳಿಸಿ. ಅರ ಮುಟ್ಟಬೇಡಿ. ಗೊರಸು ತಾನಾಗಿ ಸವೆದು ಸರಿಹೋಗುತ್ತದೆ. ಪ್ರಕೃತಿಯೇ ವೈದ್ಯ. ಹತ್ತು ಜನರಿಗೆ ಕಳಿಸಿ.

ಚಿಕ್ಕಪ್ಪ: ಸುಮಾ, ನೋಡಮ್ಮ. ಐದು ವಾರಕ್ಕೊಂದ್ಸಲ ಬೆನ್ನು ಬಗ್ಗಿಸ್ಕೊಂಡು ಅರ ಹಾಕ್ತೀಯಲ್ಲ, ಬೇಡ ಅಂತ ಅವತ್ತೇ ಹೇಳಿರಲಿಲ್ವಾ ನಾನು?

ಅತ್ತೆ: ನಿಜ ನಿಜ. ಪ್ರಕೃತಿಗಿಂತ ದೊಡ್ಡೋರು ಯಾರು.

ವಿನಯಣ್ಣ: ಮೂಲ ಏನು? ಬರೆದೋರು ಯಾರು? ಆ ಫೋಟೋ ಯಾವ ದೇಶದ ಕುದುರೇದು?

ಚಿಕ್ಕಪ್ಪ: ಬಂತು ನೋಡಿ ಮೂಲ! ನನ್ನ ಷಷ್ಟಿಪೂರ್ತಿ ದಿನ ನನ್ನ ಹುಟ್ಟಿದ ತಾರೀಖಿಗೇ ಆಧಾರ ಕೇಳಿದವನು ಇವನು.

ವಿನಯಣ್ಣ: ಎರಡು ದಾಖಲೆಲಿ ಎರಡು ತಾರೀಖು ಇತ್ತು ಚಿಕ್ಕಪ್ಪ. ಕೇಳಿದ್ದು ತಪ್ಪಾ?

ದೊಡ್ಡಪ್ಪ: ಮಕ್ಕಳೇ, ದೊಡ್ಡವರು ಏನೋ ಒಳ್ಳೇದು ಅಂತ ಕಳಿಸಿರ್ತಾರೆ. ಮೊದಲು ನಮಸ್ಕಾರ ಹೇಳಿ, ಆಮೇಲೆ ಪ್ರಶ್ನೆ. ಮೂಕಪ್ರಾಣಿಯನ್ನು ನೋಡಿಕೊಳ್ಳುವುದು ಪುಣ್ಯದ ಕೆಲಸ. ಅದಕ್ಕೆ ಚಾಕು ಹಿಡಿಯುವುದು ನನ್ನ ಮನಸ್ಸಿಗೂ ಒಪ್ಪುವುದಿಲ್ಲ.

ನಾನು: ನಮಸ್ಕಾರ ದೊಡ್ಡಪ್ಪ. ಚಿಕ್ಕಪ್ಪ, ಅದರಲ್ಲಿ ಅರ್ಧ ನಿಜ ಇದೆ, ನನಗೆ ಭಯ ಆಗೋದೇ ಅದಕ್ಕೆ. ಲಾಳ ಇಲ್ದೆ ಎಷ್ಟೋ ಕುದುರೆ ಚೆನ್ನಾಗಿರ್ತವೆ, ನಮ್ಮ ಗೌರಿನೂ ಹಾಗೇ ಇದಾಳೆ. ಆದ್ರೆ ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೀತಾನೇ ಇರುತ್ತೆ. ಗಟ್ಟಿ ನೆಲದ ಮೇಲೆ ದಿನವೆಲ್ಲ ನಡೆಯೋ ಕುದುರೆಗೆ ಬೆಳೆದಷ್ಟೂ ಸವೆಯುತ್ತೆ. ಲಾಯದಲ್ಲೋ ಮೆತ್ತನೆ ಹುಲ್ಲಲ್ಲೋ ನಿಂತಿರೋದಕ್ಕೆ ಎಲ್ಲಿಂದ ಸವೀಬೇಕು? ಮುಂತುದಿ ಉದ್ದ ಆಗುತ್ತೆ, ಅಂಚು ಹೊರಕ್ಕೆ ಅಗಲ ಬಿಡುತ್ತೆ. ಹೆಜ್ಜೆ ಎತ್ತಿದಾಗೆಲ್ಲ ಆ ಉದ್ದದ ತುದಿ ಮೀಟಿದ ಹಾಗಾಗಿ, ಹೊರಗೋಡೆಗೂ ಅಡಿಗೂ ನಡುವೆ ಇರೋ ಬಿಳಿ ಗೆರೆ ಎಳೆದು ಬಿರುಕು ಬಿಡುತ್ತೆ. ಅಲ್ಲಿ ಮಣ್ಣು, ಸಣ್ಣ ಕಲ್ಲು ಸೇರಿದ್ರೆ ಒಳಗೆ ಕೀವು.

ಅತ್ತೆ: ಇಷ್ಟುದ್ದ ಓದೋಕೆ ಕನ್ನಡಕ ಬೇಕು. ಗೌರಿ ಚೆನ್ನಾಗಿದಾಳಾ?

ನಾನು: ಚೆನ್ನಾಗಿದಾಳೆ ಅತ್ತೆ.

ವಿನಯಣ್ಣ: ಸುಮಾ, ನಿನಗೂ ಅದೇ ಪ್ರಶ್ನೆ. ಕಾಡುಕುದುರೆ ಗೊರಸು ತಾನಾಗಿ ಸರಿ ಇರುತ್ತೆ ಅನ್ನೋದು ನಿಜಾನಾ ಸುಳ್ಳಾ?

ನಾನು: ಅದು ನೆಲ ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ ಅಣ್ಣ. ಆಸ್ಟ್ರೇಲಿಯಾದ ಬ್ರಂಬಿ ಅನ್ನೋ ಕಾಡುಕುದುರೆಗಳನ್ನ ಸಂಶೋಧಕರು ನೋಡಿದಾರೆ. ಗಟ್ಟಿ ನೆಲದಲ್ಲಿ ದೂರ ಓಡಾಡೋವಕ್ಕೆ ಗಿಡ್ಡ ಗೊರಸು, ಮೆತ್ತನೆ ನೆಲದವಕ್ಕೆ ಉದ್ದ, ಅಗಲ ಬಿಟ್ಟ ಗೊರಸು. ಗಿಡ್ಡ ಗೊರಸಿನವುಗಳಲ್ಲೂ ಲ್ಯಾಮಿನೈಟಿಸ್, ಅಂದ್ರೆ ಗೊರಸಿನ ಒಳಪದರ ಉರಿಯೂತದಿಂದ ನೋಯೋ ಕಾಯಿಲೆ, ಅದರ ಗುರುತು ಸಿಕ್ಕಿದೆ. ಕಾಡಲ್ಲಿ ಕುಂಟೋ ಕುದುರೆ ಫೋಟೋನ ಯಾರೂ ಫಾರ್ವರ್ಡ್ ಮಾಡಲ್ಲ.

ಚಿಕ್ಕಪ್ಪ: ಇದು ನನಗೆ ಹೇಳಿದ್ದು.

ನಾನು: ನಿಮಗಲ್ಲ ಚಿಕ್ಕಪ್ಪ.

ದೊಡ್ಡಪ್ಪ: ಹಿಂದಿನ ಕಾಲದಲ್ಲಿ ಲಾಳವಿಲ್ಲದೆ ಯುದ್ಧಗಳೇ ನಡೆದವು. ಆಗ ಇಷ್ಟೆಲ್ಲ ಮಾತಿರಲಿಲ್ಲ.

ನಾನು: ಇತ್ತು ದೊಡ್ಡಪ್ಪ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಸೇನಾನಿ ಜೆನೊಫನ್ ಇದನ್ನೇ ಬರೆದಿದಾನೆ. ಲಾಯದ ಹೊರಗೆ ಕೈಹಿಡಿಯಷ್ಟು ಗಾತ್ರದ ದುಂಡು ಕಲ್ಲು ಹಾಸಿ, ಮಾಲೀಸು ಮಾಡೋವಾಗ ಕುದುರೆ ಅದರ ಮೇಲೆ ನಿಲ್ಲಲಿ, ಗೊರಸು ಗಟ್ಟಿಯಾಗುತ್ತೆ ಅಂತ. ಸುಮ್ನೆ ಬಿಟ್ಟಿರಲಿಲ್ಲ ಅವರು.

ಕಿರಣ: ಅಯ್ಯೋ ಲಾಯ ಅಂದ್ಕೂಡ್ಲೆ ಅಜ್ಜನ ಕುದುರೆ ಚೇತಕ್ ನೆನಪಾಯ್ತು! ತಾಳಿ, ಫೋಟೋ ಇದೆ.

ಕಿರಣ: (ಫೋಟೋ)

ಅತ್ತೆ: ಅಯ್ಯೋ ನಮ್ಮಪ್ಪ! ಪಕ್ಕದಲ್ಲಿ ನಿಂತಿರೋದು ಯಾರು, ನಾನಾ?

ದೊಡ್ಡಪ್ಪ: ನೀನಲ್ಲ. ನಾನು.

ಕಿರಣ: ನಿಲುವು ನೋಡಿ, ಮುಂಗಾಲೆರಡನ್ನೂ ಮುಂದಕ್ಕೆ ಚಾಚ್ಕೊಂಡು, ಮೈಯೆಲ್ಲ ಹಿಂದಕ್ಕೆ ಹಾಕ್ಕೊಂಡು. ರಾಜನ ಥರ! ಯಾವಾಗ್ಲೂ ಹಾಗೇ ನಿಲ್ತಿತ್ತು. ಅಜ್ಜ ಅದಕ್ಕೆ ಅರ ಮುಟ್ಟಿಸಿದ್ದೇ ಇಲ್ಲ.

ಚಿಕ್ಕಪ್ಪ: ಇದಕ್ಕಿಂತ ಸಾಕ್ಷಿ ಬೇಕಾ?

ನಾನು: ಯಾವಾಗ್ಲೂ ಹಾಗೇ ನಿಲ್ತಿತ್ತಾ ಕಿರಣ?

ಕಿರಣ: ಹೂಂ ಕಣೇ, ಕೊನೆ ಒಂದೆರಡು ವರ್ಷ.

ನಾನು: ಫೋಟೋನ ದೊಡ್ಡದು ಮಾಡಿ ಮುಂಗಾಲಿನ ಗೊರಸು ನೋಡಿ ಎಲ್ರೂ. ಅಡ್ಡಕ್ಕೆ ಉಂಗುರದ ಥರ ಗೆರೆಗಳಿವೆ. ಮುಂದುಗಡೆ ಹತ್ತಿರ ಹತ್ತಿರ, ಹಿಮ್ಮಡಿ ಕಡೆ ಹೋಗ್ತಾ ದೂರ ದೂರ. ಆ ಉಂಗುರ, ಆ ನಿಲುವು, ಎರಡೂ ಒಟ್ಟಿಗೆ ಇದ್ರೆ ಲ್ಯಾಮಿನೈಟಿಸ್ ಅನ್ನೋ ಅನುಮಾನ ಬರ್ಬೇಕು. ಮುಂಗಾಲಿನ ನೋವು ತಡೀಲಾರದೆ ಭಾರನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತೆ. ಅದು ಗತ್ತಲ್ಲ ಕಿರಣ.

ಚಿಕ್ಕಪ್ಪ: ಅಪ್ಪನಿಗೆ ಕುದುರೆ ಸಾಕೋಕೆ ಬರ್ತಿರ್ಲಿಲ್ಲ ಅಂತೀಯಾ?

ದೊಡ್ಡಪ್ಪ: ಸುಮಾ, ಹೋದವರ ಬಗ್ಗೆ ಮಾತಾಡುವಾಗ ನಾಲಿಗೆ ಹಿಡಿತದಲ್ಲಿರಬೇಕು.

ವಿನಯಣ್ಣ: ಅವಳು ಅಜ್ಜನ ಬಗ್ಗೆ ಒಂದು ಮಾತೂ ಆಡಿಲ್ಲ. ಆದ್ರೆ ಸುಮಾ, ಒಂದೇ ಫೋಟೋ ನೋಡಿ ರೋಗ ಹೇಳೋದು ಫಾರ್ವರ್ಡ್ ಮಾಡಿದಷ್ಟೇ ತಪ್ಪು.

ನಾನು: ಅದಕ್ಕೇ ಅನುಮಾನ ಅಂದೆ. ಖಚಿತ ಮಾಡೋಕೆ ಪಶುವೈದ್ಯರು ಬೇಕು, ಎಕ್ಸ್-ರೇ ಬೇಕು. ಅಜ್ಜ ಅದನ್ನ ಪ್ರೀತಿಯಿಂದ ಸಾಕಿದ್ರು, ಅದರಲ್ಲಿ ಎರಡು ಮಾತಿಲ್ಲ. ಹೊಟ್ಟೆ ತುಂಬ ಧಾನ್ಯ, ಸೊಂಪಾದ ಹುಲ್ಲು, ಓಡಾಟ ಕಮ್ಮಿ. ಹಿಟ್ಟಿನಂಶ, ಸಕ್ಕರೆ ಅಂಶ ಹೆಚ್ಚಾದ್ರೆ ಪೆಟ್ಟು ಬೀಳೋದು ಗೊರಸಿನ ಒಳಗೆ. ಆಗ ಎಷ್ಟು ಅರ ಹಾಕಿದ್ರೂ ಸಾಲಲ್ಲ, ಮೇವು ಮೊದಲು ಸರಿ ಆಗ್ಬೇಕು.

ಅತ್ತೆ: ಧಾನ್ಯ ಎರಡೆರಡು ಸಲ ಹಾಕ್ತಿದ್ದಿದ್ದು ಯಾರು ಅಂತ ನನಗೆ ಗೊತ್ತು.

ಚಿಕ್ಕಪ್ಪ: ಅಕ್ಕಾ, ಬೇಡ. ಅದನ್ನ ಮಾರಿದ್ದು ಯಾರು ಅಂತ ನಾನೂ ಹೇಳ್ಬೇಕಾಗುತ್ತೆ.

ದೊಡ್ಡಪ್ಪ: ಮಾರಿದ ವಿಷಯ ಇಲ್ಲಿ ಬೇಡ.

ಕಿರಣ: ನನಗೆ ಇವತ್ತಿಗೂ ಯಾರೂ ಹೇಳಿಲ್ಲ. ಸ್ಕೂಲಿಂದ ಬಂದ್ರೆ ಲಾಯ ಖಾಲಿ.

ದೊಡ್ಡಪ್ಪ: ಬೇಡ ಅಂದೆ.

ವಿನಯಣ್ಣ: ಎಲ್ರೂ ವಿಷಯಕ್ಕೆ ಬನ್ನಿ. ಸುಮಾ, ನೀನು ಐದು ವಾರಕ್ಕೊಂದ್ಸಲ ನಿಜವಾಗಿ ಮಾಡೋದೇನು? ದೊಡ್ಡಪ್ಪ ಚಾಕು ಅಂತ ಹೆದರಿದಾರೆ.

ನಾನು: ಚಾಕು ತುಂಬ ಕಮ್ಮಿ ದೊಡ್ಡಪ್ಪ. ಹೊರಗೋಡೆ ಬೆಳೆದಿರೋದನ್ನ ಅಡಿ ಮಟ್ಟಕ್ಕೆ ಹತ್ತಿರ ತರ್ತೀನಿ, ಅಂಚು ಸಿಬಿರೇಳದೇ ಇರ್ಲಿ ಅಂತ ಅರದಿಂದ ದುಂಡಗೆ ಮಾಡ್ತೀನಿ. ಅಡಿಯಲ್ಲಿ ತಾನಾಗಿ ಪುಡಿ ಉದುರೋದು ಬಿಟ್ಟು ಜೀವಂತ ಪದರ ಮುಟ್ಟಲ್ಲ, ಕಲ್ಲಿನ ಮೇಲೆ ಅವಳನ್ನ ಕಾಯೋದು ಅದೇ ದಪ್ಪ. ನಡುವೆ ತ್ರಿಕೋನದ ಥರ ಮೆತ್ತಗೆ ಇರುತ್ತಲ್ಲ, ಫ್ರಾಗ್ ಅಂತಾರೆ, ಅದರಲ್ಲಿ ಜೋತುಬಿದ್ದ ಚೂರು ಇದ್ರೆ ಮಾತ್ರ ತೆಗೀತೀನಿ. ದಿನಾ ಹಿಮ್ಮಡಿಯಿಂದ ಮುಂತುದಿ ಕಡೆಗೆ ಕೆರೆದು ಕ್ಲೀನ್ ಮಾಡೋದು, ಕಪ್ಪಗಾಗಿ ಕೊಳೆತ ವಾಸನೆ ಬಂದ್ರೆ ಅವತ್ತೇ ಮದ್ದು. ಉಳಿದಿದ್ದು ಕಾಯೋದು. ಮುಂತುದಿ ಮೇಲಿಂದ ಬೆಳೆದು ನೆಲ ಮುಟ್ಟೋಕೆ 9ರಿಂದ 12 ತಿಂಗಳು. ಇವತ್ತು ಮೇಲೆ ಹುಟ್ಟಿದ್ದು ಸರಿ ಇದೆಯಾ ಅಂತ ಗೊತ್ತಾಗೋದು ಮುಂದಿನ ವರ್ಷ. ಲಾಳ ತೆಗೆದ ಹೊಸದರಲ್ಲಿ ಗೌರಿ ಕಲ್ಲಿನ ಮೇಲೆ ಕಾಲಿಡೋಕೇ ಅಳುಕ್ತಿದ್ಲು, ತಿಂಗಳುಗಟ್ಟಲೆ ಬೂಟು ಹಾಕಿ ನಡೆಸಿದೀನಿ. ಈಗ ಹಿಮ್ಮಡಿ ಮೊದಲು ಊರ್ತಾಳೆ. ಅದನ್ನ ನೋಡಿದಾಗ ನನಗೆ ಆಗೋ ಸಂತೋಷ ಹೇಳೋಕಾಗಲ್ಲ.

ದೊಡ್ಡಪ್ಪ: ಹಾಗಾದರೆ ಸರಿ. ಮೊದಲೇ ಹೀಗೆ ಹೇಳಬಹುದಿತ್ತು.

ಅತ್ತೆ: ಬೂಟಾ? ಕುದುರೆಗಾ? ಫೋಟೋ ಹಾಕು.

ಚಿಕ್ಕಪ್ಪ: ಎಲ್ಲ ಸರಿ, ಆದ್ರೆ ನಾನು ಅದನ್ನ ಡಿಲೀಟ್ ಮಾಡಲ್ಲ. ನನ್ನ ಸ್ನೇಹಿತ ಒಬ್ಬ ಓದಿ ಮೆಚ್ಕೊಂಡು ನಿನ್ನೆ ಲಾಳನೂ ಕೀಳಿಸ್ದ.

ನಾನು: ಅವರ ಕುದುರೆ ಎಲ್ಲಿರುತ್ತೆ ಚಿಕ್ಕಪ್ಪ?

ಚಿಕ್ಕಪ್ಪ: ಲಾಯದಲ್ಲೇ. ಸಂಜೆ ಅರ್ಧ ಗಂಟೆ ಬಿಡ್ತಾನೆ.

ನಾನು: ದಯವಿಟ್ಟು ಇವತ್ತೇ ಫೋನ್ ಮಾಡಿ ಅವರಿಗೆ. ಲಾಳ ತೆಗೆದಿದ್ದು ತಪ್ಪಲ್ಲ, ಆದ್ರೆ ಅರ ಮುಟ್ಟಬೇಡಿ ಅನ್ನೋದನ್ನ ನಂಬಿದ್ರೆ ಕೆಲವು ತಿಂಗಳಲ್ಲಿ ಆ ಪ್ರಾಣಿ ಕುಂಟಬಹುದು. ಮೊಳೆ ತೂತಿನ ಅಂಚು ಒಡೀದೇ ಇರೋ ಹಾಗೆ ಈಗ್ಲೇ ದುಂಡಗೆ ಮಾಡಿಸ್ಲಿ. ನಾಲ್ಕರಿಂದ ಆರು ವಾರಕ್ಕೊಂದ್ಸಲ ಗೊತ್ತಿರೋರನ್ನ ಕರೆಸ್ಲಿ. ಅಳುಕಿ ನಡೆದ್ರೆ ಬೂಟು ಹಾಕ್ಲಿ, ಗೊರಸು ಮುಟ್ಟಿ ಬಿಸಿ ಇದ್ರೆ ಕಾಯದೆ ವೈದ್ಯರನ್ನ ಕರೀಲಿ. ಬೇಕಾದ್ರೆ ನಾನೇ ಬಂದು ನೋಡ್ತೀನಿ.

ವಿನಯಣ್ಣ: ಚಿಕ್ಕಪ್ಪ, ಇನ್ನೂ ಎಷ್ಟು ಕಡೆ ಕಳಿಸಿದೀರಿ?

ಚಿಕ್ಕಪ್ಪ: ಮೂರು ಗ್ರೂಪಿಗೆ. ಅದಕ್ಕೂ ಆಧಾರ ಬೇಕಾ?

ನಾನು: ಆ ಮೂರಕ್ಕೂ ಇದನ್ನ ಕಳಿಸಿ ಚಿಕ್ಕಪ್ಪ.

ಚಿಕ್ಕಪ್ಪ: ಉದ್ದ ಆಯ್ತು, ಯಾರೂ ಓದಲ್ಲ. ನಾಲ್ಕು ಸಾಲಲ್ಲಿ ಬರೆದುಕೊಡು, ಕಳಿಸ್ತೀನಿ. ಆದ್ರೆ ಕಿರಣ, ಚೇತಕ್‌ನ ಮಾರಿದ್ದು ನಾನಲ್ಲ.