ಪಟಾಕಿ ಭಯಕ್ಕೆ ಫೆರೋಮೋನ್ ಡಿಫ್ಯೂಸರ್: ನಮ್ಮ ಚಿನ್ನಿಗೆ ಏನೂ ವ್ಯತ್ಯಾಸ ಇಲ್ಲ, ಯಾಕೆ?

ಚಿನ್ನಿ_ಮನೆ, ಮೈಸೂರು
ದೀಪಾವಳಿಗೆ ಇನ್ನು 12 ದಿನ. ಚಿನ್ನಿ ಬೀದಿಯಿಂದ ತಂದ ನಾಟಿ ನಾಯಿ, 4 ವರ್ಷ. ದಸರಾ ಆನೆ, ಕುದುರೆಗಳಿಗೆ ಫಿರಂಗಿ ತಾಲೀಮು ಶುರುವಾದರೆ ಇವಳ ಕಷ್ಟವೂ ಶುರು. ಆನೆಗಾದರೂ ತಾಲೀಮು ಕೊಡುತ್ತಾರೆ, ಇವಳಿಗೆ ಯಾರು ಕೊಡಬೇಕು? ಹೋದ ವರ್ಷ ನೀರು ತುಂಬುವ ಹಬ್ಬದ ರಾತ್ರಿ ಪೂಜೆ ಮಾಡಿಟ್ಟ ಹಂಡೆಯ ಹಿಂದೆ ತೂರಿಕೊಂಡಳು. ಬಚ್ಚಲ ಬಾಗಿಲು ಕೆರೆದು ಕೆರೆದು ಉಗುರಲ್ಲಿ ರಕ್ತ.

ಈ ಸಲ ಡಾಕ್ಟರು ಹೇಳಿದ ಡಿಫ್ಯೂಸರ್ (ನಾಯಿಗೆ ಧೈರ್ಯ ಕೊಡುವ ಫೆರೋಮೋನ್ ಅನ್ನುವ ವಾಸನೆ ವಸ್ತುವನ್ನು ಗಾಳಿಗೆ ಬಿಡುವ ಮೆಷೀನ್) ತಂದು ಪ್ಲಗ್ಗಿಗೆ ಹಾಕಿ 9 ದಿನ ಆಯ್ತು. ನಿನ್ನೆ ಪಕ್ಕದ ಬೀದಿಯಲ್ಲಿ ಒಂದೇ ಒಂದು ಲಕ್ಷ್ಮೀ ಪಟಾಕಿ. ಸೀದಾ ಮಂಚದ ಕೆಳಗೆ. ಆ ಡಿಫ್ಯೂಸರ್‌ನಿಂದ ಒಂದು ವಾಸನೆಯೂ ಬರುವುದಿಲ್ಲ. ದುಡ್ಡು ದಂಡ ಆಯ್ತಾ?

ಮೂರು_ಬಾಲ
ನಮಗೆ ವಾಸನೆ ಗೊತ್ತಾಗುವುದಿಲ್ಲ, ಅದು ನಾಯಿಗೆ ಮಾತ್ರ. ಹೆತ್ತ ಕೆಲವು ದಿನಕ್ಕೆ ತಾಯಿ ನಾಯಿಯ ಮೊಲೆಗಳ ಸಾಲಿನ ನಡುವಿನ ಚರ್ಮದಲ್ಲಿ ಒಂದು ವಸ್ತು ಒಸರುತ್ತದೆ. ಮರಿಗಳಿಗೆ ಅದೇ ಧೈರ್ಯ. ಬಾಟಲಿಯಲ್ಲಿರುವುದು ಅದರ ನಕಲು, ನಿದ್ದೆ ಮಾತ್ರೆ ಅಲ್ಲ. ಎಲ್ಲಿ ಹಾಕಿದ್ದೀರಿ? ಕಿಟಕಿ ತೆಗೆದು ಫ್ಯಾನ್ ಬಿಟ್ಟರೆ ಅರ್ಧ ಬೀದಿ ಪಾಲು.

ಚಿನ್ನಿ_ಮನೆ
ಸೋಫಾ ಹಿಂದೆ. ಅಯ್ಯೋ, ಇನ್ನೊಂದು ವಿಷಯ ಈಗ ಗೊತ್ತಾಯ್ತು! ಅಮ್ಮ ಅದನ್ನು ಸೊಳ್ಳೆ ಮೆಷೀನ್ ಅಂದುಕೊಂಡಿದ್ದಾರೆ. ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಬರುತ್ತಾ ಆಫ್ ಮಾಡುವುದು, ಸಂಜೆ ದೀಪ ಹಚ್ಚಿ ಆನ್ ಮಾಡುವುದು. ನಾನು ರಾತ್ರಿ ನೋಡಿದಾಗೆಲ್ಲ ಆನ್ ಇರುತ್ತಿತ್ತು. ಮೇಲಿಂದ "ಒಂದು ಸೊಳ್ಳೆನೂ ಸಾಯಲ್ಲ, ಎಂಥ ಮೆಷೀನೋ" ಅಂತ ಬೈಗುಳ ಬೇರೆ.

ಪಶು_ಆಸ್ಪತ್ರೆ_ಕಾಂಪೌಂಡರ್
ಅಮ್ಮನವರಿಗೆ ನಮಸ್ಕಾರ. ಸ್ವಿಚ್ಚಿಗೆ ಟೇಪ್ ಅಂಟಿಸಿ. 24 ಗಂಟೆ ಆನ್ ಇರಬೇಕು, ಒಂದು ಬಾಟಲಿ ಸುಮಾರು 30 ದಿನ ಬರುತ್ತದೆ. ಸೋಫಾ, ಪರದೆ ಹಿಂದೆ ಬೇಡ, ಅವಳು ಮಲಗುವ ಕಡೆ ಹಾಕಿ.

ಆದರೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಇದು ಕೆಲವು ನಾಯಿಗೆ ಹಿಡಿಸುತ್ತದೆ, ಕೆಲವಕ್ಕೆ ಇಲ್ಲ. ಸಂಶೋಧನೆಗಳೂ ಒಂದೇ ಮಾತು ಹೇಳುವುದಿಲ್ಲ. ಉಗುರಲ್ಲಿ ರಕ್ತ ಬರುವಷ್ಟು ಭಯಕ್ಕೆ ಇದೊಂದೇ ಸಾಲದು. ಹಬ್ಬದ ದಿನಕ್ಕೆ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಈಗಲೇ ಕೇಳಿ, ಮುಂಚೆ ಒಂದು ಸಲ ಕೊಟ್ಟು ನೋಡಬೇಕಾಗುತ್ತದೆ. ಅಸೆಪ್ರೊಮಜಿನ್ ಅನ್ನುವ ಮಂಪರು ಬರಿಸುವ ಔಷಧಿ ಒಂದನ್ನೇ ಕೊಟ್ಟರೆ ಮೈ ಸೋತು ಬಿದ್ದಿರುತ್ತದೆ, ಒಳಗೆ ಭಯ ಹಾಗೇ ಇರುತ್ತದೆ. ನಾವು ಮಾತ್ರ ನಾಯಿ ಸಮಾಧಾನ ಆಯ್ತು ಅಂದುಕೊಳ್ಳುತ್ತೇವೆ.

ಕರಿಯನ_ಅಕ್ಕ
ಪಟಾಕಿ ರಾತ್ರಿ 8ರಿಂದ 10 ಮಾತ್ರ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಬೀದಿಗೆ ಇನ್ನೂ ಸುದ್ದಿ ತಲುಪಿಲ್ಲ. ಬೆಳಕಿರುವಾಗಲೇ ಸುತ್ತಾಡಿಸಿ ಕರೆದುಕೊಂಡು ಬನ್ನಿ. ನಮ್ಮ ಕರಿಯ ಒಂದು ಸಲ ಕೊರಳಪಟ್ಟಿ ಕಳಚಿಕೊಂಡು ಓಡಿದ್ದ, ಸಿಕ್ಕಿದ್ದು ಮಾರನೇ ದಿನ. ಮತ್ತೆ, ಪಕ್ಕದಲ್ಲಿ ಬಂದು ಕೂತರೆ ತಬ್ಬಿಕೊಳ್ಳಿ. ಮುದ್ದು ಮಾಡಿದರೆ ಭಯ ಜಾಸ್ತಿ ಆಗುತ್ತದೆ ಅನ್ನುವುದು ಸುಳ್ಳು.

ಚಿನ್ನಿ_ಮನೆ
ನಾಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಟೇಪ್ ಅಂಟಿಸಿ "ಇದು ಚಿನ್ನಿಯ ಅಮ್ಮ, ಆಫ್ ಮಾಡಬೇಡಿ" ಅಂತ ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. "ಸರಿ, ಸೊಳ್ಳೆಗೆ ಬೇರೆ ತಗೊಂಡು ಬಾ" ಅಂದರು.