ಮನೆ ಒಂದು ಜಿಲ್ಲೆಯಲ್ಲಿ, ಶಾಲೆ ಇನ್ನೊಂದರಲ್ಲಿ: ಮಳೆರಜೆಗೆ ಯಾರ ಆದೇಶವನ್ನು ನಂಬಬೇಕು?

ಪ್ರಶ್ನೆ: ಐರೋಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಠಾಣೆ ಜಿಲ್ಲೆಗೆ ಸೇರಿದ ನವಿ ಮುಂಬಯಿಯ ಐರೋಲಿಯಲ್ಲಿ, ಮಕ್ಕಳ ಶಾಲೆ ಇರುವುದು ಖಾಡಿಯ (ಒಳನಾಡಿಗೆ ಚಾಚಿದ ಸಮುದ್ರದ ನೀರಿನ) ಆಚೆ ಮುಂಬಯಿಯ ಮುಲುಂಡಿನಲ್ಲಿ. ನಾಲ್ಕನೆಯ ತರಗತಿಯ ಮಗನಿಗೆ ಬೆಳಗಿನ ಪಾಳಿ, ಎಂಟನೆಯ ತರಗತಿಯ ಮಗಳಿಗೆ ಮಧ್ಯಾಹ್ನದ ಪಾಳಿ. ಮೊನ್ನೆ ರಾತ್ರಿಯಿಡೀ ಮಳೆ ಸುರಿದಾಗ ಠಾಣೆ ಜಿಲ್ಲೆಯ ಶಾಲೆಗಳಿಗೆ ರಜೆ ಎಂಬ ಸಂದೇಶ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಂತು, ಆದರೆ ಶಾಲೆಯಿಂದ ಯಾವ ಸುದ್ದಿಯೂ ಇರಲಿಲ್ಲ. ಆರೂ ಕಾಲಿಗೆ ಬಸ್ಸು ಬಂದಿತೆಂದು ಮಗನನ್ನು ಹತ್ತಿಸಿದೆ. ಶಾಲೆಗೆ ರಜೆ ಎಂಬ ಸಂದೇಶ ಬಂದದ್ದು ಏಳೂವರೆಗೆ, ಅವನು ತೊಯ್ದು ಮನೆ ಸೇರಿದ್ದು ಹತ್ತು ಗಂಟೆಗೆ. ಇಂಥ ದಿನ ನಮಗೆ ಅನ್ವಯವಾಗುವುದು ಯಾವ ಜಿಲ್ಲೆಯ ಆದೇಶ? ರೆಡ್ ಅಲರ್ಟ್ ಎಂದರೆ ರಜೆಯೆಂದೇ ತಿಳಿಯಬಹುದೇ? ನಾನಾಗಿಯೇ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡರೆ ಹಾಜರಾತಿಗೆ ಕುತ್ತು ಬರುತ್ತದೆಯೇ?

ಉತ್ತರ: ಪಾಲಿಕೆ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕಿ

ತಂಗಿ, ಶಾಲೆ ಎಲ್ಲಿದೆಯೋ ಅಲ್ಲಿಯ ಆದೇಶವೇ ನಿಮಗೆ ಅನ್ವಯ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮುಲುಂಡ್ ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಗಡಿಯೊಳಗಿದೆ. ಪಾಲಿಕೆ ರಜೆ ಸಾರಿದರೆ ಅದು ತನ್ನ ಶಾಲೆಗಳಿಗೆ ಮಾತ್ರವಲ್ಲದೆ ಖಾಸಗಿ ಮತ್ತು ಅನುದಾನಿತ ಶಾಲೆಗಳಿಗೂ ಸೇರಿರುತ್ತದೆ. ಠಾಣೆ ಜಿಲ್ಲಾಧಿಕಾರಿಗಳ ಆದೇಶ ಖಾಡಿಯ ನಿಮ್ಮ ಬದಿಗೇ ನಿಲ್ಲುತ್ತದೆ.

ಆದೇಶದಲ್ಲಿ ಯಾವ ಪಾಳಿಗೆ ರಜೆ ಎಂಬುದನ್ನೂ ಓದಿಕೊಳ್ಳಿ. 2024ರ ಜುಲೈ 8ರಂದು ನಸುಕಿನ ಒಂದರಿಂದ ಏಳರವರೆಗೆ, ಆರೇ ಗಂಟೆಗಳಲ್ಲಿ, ನಗರದ ಕೆಲವೆಡೆ 300 ಮಿ.ಮೀ.ಗೂ ಹೆಚ್ಚು ಮಳೆಯಾದಾಗ ಮೊದಲು ಬೆಳಗಿನ ಪಾಳಿಗಷ್ಟೇ ರಜೆ ಕೊಟ್ಟು, ಮಧ್ಯಾಹ್ನದ ಪಾಳಿಯ ನಿರ್ಧಾರವನ್ನು ಆಮೇಲೆ ತಿಳಿಸಿದ್ದರು. 2025ರ ಆಗಸ್ಟ್ 18ರಂದು ಇದಕ್ಕೆ ತಿರುಗಾಮುರುಗಾ: ಬೆಳಗಿನ ಶಾಲೆ ನಡೆಯಿತು, ಮಧ್ಯಾಹ್ನದವರಿಗೆ ರಜೆ ಸಿಕ್ಕಿತು.

ನನಗೆ ಯಾವಾಗಲೂ ಹೆಚ್ಚು ಭಯ ಹುಟ್ಟಿಸುತ್ತಿದ್ದುದು ಮಧ್ಯಾಹ್ನದ ಪಾಳಿಯೇ. 2005ರ ಜುಲೈ 26ರ ಬೆಳಿಗ್ಗೆ ರಜೆ ಕೊಡಬೇಕೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಜಡಿ ಹಿಡಿದದ್ದು ಮಧ್ಯಾಹ್ನ, ಮಕ್ಕಳು ತರಗತಿಯಲ್ಲಿ ಕುಳಿತ ಮೇಲೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಉಪನಗರದ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಬಿದ್ದರೆ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73. ದಕ್ಷಿಣದಲ್ಲಿಯೇ ಇರುವ ಫೋರ್ಟಿನ ಕಚೇರಿಗಳಲ್ಲಿದ್ದ ತಂದೆತಾಯಿಯರಿಗೆ ಉಪನಗರದ ಗತಿ ಏನಾಗಿದೆ ಎಂಬ ಅಂದಾಜೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಆ ರಾತ್ರಿ ಮಕ್ಕಳನ್ನು ಮೊದಲ ಮಹಡಿಯಲ್ಲಿ ಮಲಗಿಸಿ, ಇದ್ದ ಅಕ್ಕಿಬೇಳೆಯಲ್ಲಿ ಖಿಚಡಿ ಬೇಯಿಸಿ ಹಾಕಿದೆವು. ಒಮ್ಮೆ ನೀರು ಏರಿತೆಂದರೆ ಮಕ್ಕಳನ್ನು ಮನೆಗೆ ಅಟ್ಟುವುದಕ್ಕಿಂತ ಶಾಲೆಯಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಹಾಗಾಗಿ ಅವಸರದಿಂದ ಕರೆದೊಯ್ಯಲು ಓಡಿಬರಬೇಡಿ.

ಉತ್ತರ: ಚೆಂಬೂರಿನ ಹವ್ಯಾಸಿ ಮಳೆಲೆಕ್ಕಿಗ

ರೆಡ್ ಅಲರ್ಟ್ ಕೊಡುವುದು ಹವಾಮಾನ ಇಲಾಖೆ, ರಜೆ ಕೊಡುವುದು ಆಡಳಿತ. ಮೊದಲನೆಯದು ಬಂದಾಕ್ಷಣ ಎರಡನೆಯದು ತಾನಾಗಿ ಬರುವುದಿಲ್ಲ. ದಿನವೊಂದಕ್ಕೆ 204.4 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ. ಆದರೆ ನಮ್ಮ ಊರಿನಲ್ಲಿ ಎಷ್ಟು ಬಿತ್ತು ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಬಿತ್ತು ಎಂಬುದು ಮುಖ್ಯವಾಗುತ್ತದೆ. ಬ್ರಿಟಿಷರ ಕಾಲದ ಚರಂಡಿಗಳು ಸಮುದ್ರ ಇಳಿದಿರುವಾಗ ಗಂಟೆಗೆ 25 ಮಿ.ಮೀ. ನೀರು ಸಾಗಿಸುವ ಲೆಕ್ಕದಲ್ಲಿ ಕಟ್ಟಿದವು; ಬ್ರಿಮ್‌ಸ್ಟೋವಾಡ್ ಎಂಬ ಮಳೆನೀರು ಚರಂಡಿ ಸುಧಾರಣೆಯ ಯೋಜನೆಯಲ್ಲಿ ಅದನ್ನು 50ಕ್ಕೆ ಏರಿಸಹೊರಟರು. ಉಬ್ಬರ ನಾಲ್ಕೂವರೆ ಮೀಟರ್ ಮೀರಿದಾಗ ನೀರು ಸಮುದ್ರಕ್ಕೆ ಹೋಗುವ ಬದಲು ಅಲ್ಲಿಯೇ ತಡೆದು ನಿಲ್ಲುತ್ತದೆ, ಆಗ ಹಿಂದ್‌ಮಾತಾ ಮತ್ತು ಅಂಧೇರಿ ಸಬ್‌ವೇಯಂಥ ತಗ್ಗಿನ ಜಾಗಗಳು ಮುಳುಗುತ್ತವೆ. ನಾನಂತೂ ಮಳೆಗಾಲದಲ್ಲಿ ಮಲಗುವ ಮುನ್ನ ಮರುದಿನದ ಉಬ್ಬರದ ವೇಳೆಯನ್ನು ನೋಡಿಯೇ ಮಲಗುತ್ತೇನೆ (ಮನೆಯಲ್ಲಿ ಇದಕ್ಕಾಗಿ ನಗುತ್ತಾರೆ). ಸಂಶಯವಿದ್ದರೆ ಪಾಲಿಕೆಯ 1916ಕ್ಕೆ ಕರೆಮಾಡಿ.

ಉತ್ತರ: ಪುಣೆಯ ಓದುಗ

ನಮ್ಮಲ್ಲಿ ಉಬ್ಬರದ ಪ್ರಶ್ನೆ ಇಲ್ಲ, ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಮುಠಾ ನದಿಗೆ ಎಷ್ಟು ನೀರು ಬಿಡುತ್ತಾರೆ ಎಂಬುದೇ ಪ್ರಶ್ನೆ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ನುಗ್ಗಿದಾಗ ನಗರದ ಶಾಲೆಗಳಿಗೂ ಘಟ್ಟದ ಕಡೆಯ ತಾಲ್ಲೂಕುಗಳಿಗೂ ರಜೆ ಕೊಟ್ಟಿದ್ದರು.

ಉತ್ತರ: ಠಾಣೆಯ ಅಣ್ಣ

ನನ್ನ ತಂಗಿ ಅಮೆರಿಕದ ಮಿನೆಸೋಟಾದಲ್ಲಿದ್ದಾಳೆ. ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಅರ್ಥದ ಜಿಲ್ಲೆಯಲ್ಲ, ಶಾಲೆ ನಡೆಸುವುದಕ್ಕೆಂದೇ ಇರುವ ಪ್ರತ್ಯೇಕ ಆಡಳಿತ. ಹಿಮ ಬಿದ್ದ ರಾತ್ರಿ ಅದರ ನೌಕರರು ನಸುಕಿನಲ್ಲಿಯೇ ರಸ್ತೆಗಳಲ್ಲಿ ಗಾಡಿ ಓಡಿಸಿ ನೋಡಿ ಬರುತ್ತಾರೆ, ಬಸ್ಸುಗಳು ಹೊರಡುವ ಮೊದಲೇ ಅದರ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ನಿರ್ಧಾರ ತಿಳಿಸುತ್ತಾರೆ. ಹಿಮವಿಲ್ಲದಿದ್ದರೂ ಕೊರೆಯುವ ಗಾಳಿಗೆಂದು ರಜೆ ಕೊಡುವುದುಂಟು, ಏಕೆಂದರೆ ಮಕ್ಕಳು ಬಸ್ಸಿಗಾಗಿ ಬಯಲಿನಲ್ಲಿ ನಿಲ್ಲಬೇಕು. ನನಗೆ ಹಿಡಿಸಿದ್ದು ಅವರ ಎರಡು ಗಂಟೆ ತಡವಾಗಿ ಶಾಲೆ ತೆರೆಯುವ ಕ್ರಮ. ಅಷ್ಟರಲ್ಲಿ ಹಿಮ ಬಳಿದು, ಉಪ್ಪು ಚೆಲ್ಲಿ, ಬೆಳಕೂ ಹರಿದಿರುತ್ತದೆ. ನಮ್ಮಲ್ಲಿಯೂ ಹೀಗೆ ಮಾಡಬಾರದೇಕೆ?

ಪ್ರತ್ಯುತ್ತರ: ನಿವೃತ್ತ ಮುಖ್ಯ ಶಿಕ್ಷಕಿ

ಅಣ್ಣಾವರೇ, ಅದಕ್ಕೆ ಶಾಲೆಯ ಕಟ್ಟಡ ಇಡೀ ದಿನ ಒಂದೇ ಪಾಳಿಗೆ ದೊರೆಯಬೇಕು. ನಮ್ಮಲ್ಲಿ ಬೆಳಗಿನವರು ಎರಡು ಗಂಟೆ ತಡವಾಗಿ ಬಂದರೆ, ಅವರು ಬೆಂಚು ಬಿಡುವ ಮೊದಲೇ ಮಧ್ಯಾಹ್ನದವರು ಗೇಟಿನಲ್ಲಿ ನಿಂತಿರುತ್ತಾರೆ.

ತಂಗಿ, ಹಾಜರಾತಿಯ ವಿಷಯಕ್ಕೆ ಬಂದರೆ, ನನ್ನ ಶಾಲೆಯಲ್ಲಿ ಭಾರೀ ಮಳೆಯ ದಿನ ಬಾರದ ಮಗುವಿನ ಮೇಲೆ ನಾನು ಎಂದೂ ಕ್ರಮ ಕೈಗೊಳ್ಳಲಿಲ್ಲ, ಪೋಷಕರ ಒಂದು ಸಾಲಿನ ಚೀಟಿ ಸಾಕಾಗುತ್ತಿತ್ತು. ನಿಮ್ಮ ಶಾಲೆಯ ನಿಯಮವನ್ನು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ. ಬಸ್ಸು ಡಿಪೋ ಬಿಡುವ ಮೊದಲು ಚಾಲಕರಿಗೆ ಸುದ್ದಿ ಮುಟ್ಟಿಸುವ ಹೊಣೆ ಯಾರದು ಎಂಬುದನ್ನೂ ಅಂದೇ ಬರೆಸಿಕೊಳ್ಳಿ.

ಪ್ರತ್ಯುತ್ತರ: ಐರೋಲಿಯ ತಾಯಿ

ಎಲ್ಲರಿಗೂ ಧನ್ಯವಾದಗಳು. ಚಾಲಕರನ್ನು ಇವತ್ತೇ ವಿಚಾರಿಸಿದೆ. ಅವರು ಶಾಲೆಯ ಗುಂಪಿನಲ್ಲಿಯೇ ಇಲ್ಲವಂತೆ; ಮೊನ್ನೆ ಅವರಿಗೆ ರಜೆಯ ಸುದ್ದಿ ತಿಳಿದದ್ದು ಗೇಟಿನ ಕಾವಲುಗಾರನಿಂದ.