ಬಾರ್‌ಕೋಡ್ ಫೋಟೊ ಮಾಡಿ ಕಳಿಸಬ್ಯಾಡ ತಂಗಿ

ತಂಗಿ, ನಿನ್ನ ಮೆಸೇಜ್ ಈಗ ನೋಡ್ದೆ, ಗ್ರೂಪಿನಾಗ ಎಲ್ಲಾರೂ ಕೈ ಮುಗಿಯೋ ಗುರ್ತು ಹಾಕಿ ಬಿಟ್ಟಾರ, ಉತ್ತರ ಯಾರೂ ಕೊಟ್ಟಿಲ್ಲ, ಅದಕ್ಕ ನಾನೇ ಹೇಳ್ತೀನಿ, ಜರಾ ಉದ್ದ ಆಗ್ತದ, ಪೂರಾ ಕೇಳು.

ರೊಟ್ಟಿ ಪಾಕೀಟಿನ ಲೇಬಲ್ ಪಿಡಿಎಫ್ ಪ್ರಿಂಟರ್ ಕೋಡ್ ಮಾಡೋ ಸಾಫ್ಟ್‌ವೇರಿಗಿ ಹಾಕಿದ್ರ ಪ್ರಿಂಟರ್ ಕೋಡ್ ಅಂತ ಒಂದು ಫೈಲ್ ಕೊಡ್ತು, ತಗದು ನೋಡಿದ್ರ ಪುಟಗಟ್ಟಲೆ ಬರೀ ಸೊನ್ನಿ ಮತ್ತ ಎಫ್ ಅವ, ಫೈಲ್ ಕೆಟ್ಟದೇನು ದೊಡ್ಡವ್ವ, ಸೋಮವಾರ ಹೈದರಾಬಾದಿಗಿ ಮಾಲ್ ಹೋಗ್ಬೇಕು ಅಂತ ಕೇಳಿದಿ. ಕೆಟ್ಟಿಲ್ಲವ್ವ, ಅಂಜಬ್ಯಾಡ. ಇಂಥ ಲೇಬಲ್ ಪ್ರಿಂಟರಿಗಿ ಭಾಳ ಮಾಡಿ ಪಿಡಿಎಫ್ ತಿಳಿಯಲ್ಲ, ಅದಕ್ಕ ಅದರದೇ ಭಾಷೆ ಅದ, ನಿಂದು ಝೀಬ್ರಾ ಇದ್ರ ಝಡ್‌ಪಿಎಲ್, ಟಿಎಸ್‌ಸಿ ಇದ್ರ ಟಿಎಸ್‌ಪಿಎಲ್. ಸಾಫ್ಟ್‌ವೇರ್ ಏನು ಮಾಡ್ಯದ ಅಂದ್ರ ನಿನ್ನ ಲೇಬಲ್ ಪೂರಾ ಚುಕ್ಕಿ ಚುಕ್ಕಿ ಮಾಡಿ ಬರದದ. ಝಡ್‌ಪಿಎಲ್‌ದಾಗ ಒಂದು ಎಫ್ ಅಂದ್ರ ನಾಕು ಕರೀ ಚುಕ್ಕಿ, ಒಂದು ಸೊನ್ನಿ ಅಂದ್ರ ನಾಕು ಬಿಳೀ ಚುಕ್ಕಿ. 203 ಡಿಪಿಐ, ಅಂದ್ರ ಇಂಚಿಗಿ 203 ಚುಕ್ಕಿಯ ಪ್ರಿಂಟರ್ ಮಿಲಿಮೀಟರಿಗಿ 8 ಚುಕ್ಕಿ ಹೊಡಿತದ, ನಿನ್ನ 100 ಬೈ 50 ಮಿಲಿಮೀಟರ್ ಲೇಬಲ್ಲಿಗಿ 800 ಅಡ್ಡ, 400 ಉದ್ದ, ಅಲ್ಲಿಗಿ 3 ಲಕ್ಷ 20 ಸಾವಿರ ಚುಕ್ಕಿ, ನಾಕರಿಂದ ಭಾಗ ಮಾಡಿದ್ರ 80 ಸಾವಿರ ಅಕ್ಷರ, ಪುಟಗಟ್ಟಲೆ ಬರದೇ ಇನ್ನೇನು.

ಆದ್ರ ನನ್ನ ಜೀವಕ್ಕ ಚಿಂತಿ ಹತ್ತಿದ್ದು ಅದಲ್ಲ. ಆ ಪಿಡಿಎಫ್‌ದಾಗ ಬಾರ್‌ಕೋಡೂ ಅದ, ಹೌದಿಲ್ಲೊ? ಅದನ್ನೂ ಚಿತ್ರದ ಸಂಗಡ ಚುಕ್ಕಿ ಮಾಡಿ ಕಳಿಸ್ಲಾಕತ್ತೀದಿ. ತಂಗಿ, ಬಾರ್‌ಕೋಡ್ ಚಿತ್ರ ಮಾಡಿ ಕಳಿಸಬ್ಯಾಡ.

ಗಂಜ್ ಮಾರ್ಕೆಟಿನಾಗ ನಮ್ಮ ಬ್ಯಾಳಿ ಮಿಲ್ಲಿದ್ದಾಗ ಆದದ್ದು ನಿಮಗೆಲ್ಲಾ ಅರ್ಧ ಗೊತ್ತದ, ಮಾಲ್ ವಾಪಸ್ ಬಂತು ಅನ್ನೋದಷ್ಟೇ ಗೊತ್ತು, ಯಾಕ ಬಂತು ಅಂತ ಯಾರೂ ಕೇಳಿಲ್ಲ. ಪಾಕೀಟಿನ ಕೆಲಸ ನನ್ನ ಕೈಯಾಗೇ ಇತ್ತು, ನಿಮ್ಮ ದೊಡ್ಡಪ್ಪಗ ತೂಕ, ಖರೀದಿ ಬಿಟ್ರ ಬ್ಯಾರೆ ಗೊತ್ತಿರಲಿಲ್ಲ. ಪ್ರಿಂಟರ್ ಕೊಟ್ಟ ಡೀಲರ್ ಹೊರಗಿನಾವ, ಒಂದು ಸಾಫ್ಟ್‌ವೇರ್ ಹಾಕಿ ಕೊಟ್ಟ, ಅಮ್ಮಾ ನಿಮ್ಮ ಡಿಸೈನ್ ಜೆಪಿಜಿ ಇದಕ್ಕ ಹಾಕ್ರಿ, ಕೋಡ್ ಅದೇ ಮಾಡ್ಕೊಳ್ತದ ಅಂದ. ಡಿಸೈನ್ ಮಾಡಿದ್ದು 300 ಡಿಪಿಐಗಿ, ಅವ ಮಾರಿದ್ದು 203ರ ಮಷೀನು. ಸಾಫ್ಟ್‌ವೇರ್ ಚಿತ್ರ ಸಣ್ಣ ಮಾಡ್ತು. ನಾಕು ಚುಕ್ಕಿ ದಪ್ಪ ಇದ್ದ ಗೆರಿ ಎರಡೂ ಮುಕ್ಕಾಲು ಚುಕ್ಕಿಗಿ ಬಂತು, ಮುಕ್ಕಾಲು ಚುಕ್ಕಿ ಯಾವ ಪ್ರಿಂಟರೂ ಹೊಡಿಯಲ್ಲ, ಹಿಂಗಾಗಿ ಒಂದು ಗೆರಿ ಎರಡು ಚುಕ್ಕಿ, ಅಂಥದೇ ಬಾಜೂದ ಗೆರಿ ಮೂರು ಚುಕ್ಕಿ. ಅದರ ಮ್ಯಾಲ ಜೆಪಿಜಿ ಅಂದಮ್ಯಾಲ ಗೆರಿ ಅಂಚಿಗಿ ಬೂದಿ ಬಣ್ಣ ಇರ್ತದ, ಆ ಬೂದಿನೂ ಕರೀ ಚುಕ್ಕಿ ಮಾಡಿ ಎರಚ್ಯದ, ಕನ್ನಡಕ ಹಾಕ್ಕೊಂಡು ಹತ್ರ ಹಿಡದ್ರ ಗೆರಿ ಅಂಚೆಲ್ಲಾ ಇಲಿ ಕಡದಂಗ. ದೂರಿಂದ ನೋಡಿದ್ರ ಮಾತ್ರ ಛಂದ ಕಾಣ್ತಿತ್ತು. ಮೊಬೈಲ್ ಹಿಡದ್ರ ಓದ್ತಿತ್ತು, ಅದೇ ನೋಡು ಮೋಸ, ಮೊಬೈಲ್ ಕ್ಯಾಮೆರಾ ಹ್ಯಾಂಗರೇ ಮಾಡಿ ಓದ್ಕೊಳ್ತದ, ಗೋದಾಮಿನಾಗ ಬಾರ್‌ಕೋಡ್ ಓದೋ ಗನ್ ಭಾಳ ಸಲ ಓದಲ್ಲ. ಅಲ್ಲಿ ಗೇಟಿನಾಗ ಹತ್ತು ಪಾಕೀಟು ಹಿಡದು ನೋಡಿ ಒಂದೂ ಓದವಲ್ದು ಅಂತ ಗಾಡಿ ಪೂರಾ ವಾಪಸ್ ಕಳಿಸಿದ್ರು. ಅಂಗಳದಾಗ ಚೀಲ ಇಳಿಸಿ, ಒಂದೊಂದು ಪಾಕೀಟಿನ ಮ್ಯಾಲ ಹೊಸಾ ಚೀಟಿ ಹಚ್ಚಿದ್ವಿ, ನಿಮ್ಮವ್ವನೂ ಬಂದಿದ್ಳು, ಬೆರಳೆಲ್ಲಾ ಗೋಂದು. ಅದಕ್ಕ ಎರಡನೇ ಸಲ ಹೇಳ್ತೀನಿ, ಬಾರ್‌ಕೋಡ್ ಚಿತ್ರ ಮಾಡಿ ಕಳಿಸಬ್ಯಾಡ, ಎಷ್ಟೇ ಛಂದ ಕಂಡ್ರೂ ಬ್ಯಾಡ.

ಆ ಡೀಲರಿಗಿ ಫೋನ್ ಹಚ್ಚಿದ್ರ ಏನಂದ ಗೊತ್ತಾ, ನಿಮ್ಮ ಪ್ರಿಂಟರ್ ಹೆಡ್ ಹೋಗ್ಯದ, ಹೊಸಾದು ತಗೋರಿ ಅಂದ. ಹೊಸಾ ಮಷೀನಿನ ಹೆಡ್ ಹ್ಯಾಂಗ ಹೋಗ್ತದ? ಆಮ್ಯಾಲ ಫೋನೇ ಎತ್ತಲಿಲ್ಲ. ನಮ್ಮ ಕಡಿ ಮಂದಿಗಿ ಏನು ಹೇಳಿದ್ರೂ ನಡಿತದ ಅಂತ ತಿಳ್ಕೊಂಡಾರ. ನಮ್ಮ ತೊಗರಿ ಬ್ಯಾಳಿಗಿ 2019ರಾಗ ಜಿಐ, ಅಂದ್ರ ಈ ಊರಿಂದೇ ಮಾಲ್ ಅನ್ನೋ ಭೌಗೋಳಿಕ ಗುರ್ತು ಸಿಕ್ತು, ಈ ಮಣ್ಣಿನ ಬ್ಯಾಳಿ ರುಚಿನೇ ಬ್ಯಾರೆ ಅಂತ ಸರ್ಕಾರನೇ ಬರದು ಕೊಟ್ಟದ, ಆದ್ರೂ ಕ್ವಿಂಟಲ್‌ಗಟ್ಟಲೆ ಚೀಲದಾಗ ಹೋಗ್ತದ, ಅಲ್ಲಿ ಯಾರೋ ತಮ್ಮ ಹೆಸರಿನ ಲೇಬಲ್ ಹಚ್ಚಿ ಮಾರ್ತಾರ. ಬೆಳಿಯೋರು ನಾವು, ಬಿಸಿಲಾಗ ಸಾಯೋರು ನಾವು, ಪಾಕೀಟಿನ ಮ್ಯಾಲ ಕಲಬುರಗಿ ಅನ್ನೋ ಅಕ್ಷರ ಹುಡುಕ್ಬೇಕು. ನಿಮ್ಮ ದೊಡ್ಡಪ್ಪ ಕೊನೀತನ ಅದೇ ಸಂಕಟ ಪಟ್ಟು ಹೋದ. ಮಿಲ್ ಕೊಟ್ಟು ಬಿಡ್ರಿ ಅಂತ ಬೆಂಗಳೂರಿಂದ ಹೇಳಿದವರು ಈ ಗ್ರೂಪಿನಾಗೇ ಇದ್ದಾರ, ಕೇಳ್ಲಿ. ನೀವು ಹೆಣ್ಮಕ್ಕಳು ಕೂಡಿ ಕಲಬುರಗಿ ರೊಟ್ಟಿ ಅಂತ ಕನ್ನಡದಾಗೇ ಹೆಸರು ಹಾಕಿ ಕಳಿಸ್ಲಾಕತ್ತೀರಿ ಅಂದ್ರ ನನಗ ಎಷ್ಟು ಸಂತೋಷ ಆಗ್ಯದ ಹೇಳ್ಲಾಕ ಬರಲ್ಲ, ಅದು ಗೇಟಿಂದ ವಾಪಸ್ ಬರಬಾರ್ದು ಅಂತೇ ಇಷ್ಟೆಲ್ಲಾ ಹೇಳ್ಲಾಕತ್ತೀನಿ.

ಅಯ್ಯ, ಏನು ಮಾಡ್ಬೇಕು ಅನ್ನೋದೇ ಹೇಳಿಲ್ಲ ನೋಡು. ಸಾಫ್ಟ್‌ವೇರ್ ಬಿಡಬ್ಯಾಡ, ಅದು ಬೇಕು. ಕನ್ನಡ ಹೆಸರಿಗಿ ಚಿತ್ರನೇ ಆಗ್ಬೇಕು, ಯಾಕಂದ್ರ ಇಂಥ ಸಣ್ಣ ಪ್ರಿಂಟರಿನಾಗ ಕನ್ನಡ ಫಾಂಟ್ ಇರಲ್ಲ, ಹಾಕಿದ್ರೂ ರೊಟ್ಟಿ ಅನ್ನೋದ್ರಾಗಿನ ಒತ್ತು ಭಾಳ ಸಲ ತೆಳಗ ಕೂಡದೇ ಬಾಜೂಕ ಹೋಗಿ ಕುಂದರ್ತದ. ಅದಕ್ಕ ಹೆಸರು, ಚಿತ್ರ, ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರ ಲೈಸೆನ್ಸಿನ 14 ಅಂಕಿ ನಂಬರ್, ಹಿಂಗ ಎಂದೂ ಬದಲಾಗದ್ದೆಲ್ಲಾ ಒಂದು ಪಿಎನ್‌ಜಿ ಮಾಡು, ಸರಿಯಾಗಿ 800 ಬೈ 400 ಚುಕ್ಕಿ, ಅಚ್ಚ ಕರಿ ಅಚ್ಚ ಬಿಳಿ, ಬೂದಿ ಬಣ್ಣ ಒಂದು ಚುಕ್ಕಿನೂ ಬ್ಯಾಡ, ಬಾರ್‌ಕೋಡಿನ ಜಾಗಾ ಖಾಲಿ ಬಿಡು. ಅದನ್ನ ಸಾಫ್ಟ್‌ವೇರಿಗಿ ಕೊಟ್ಟು ಕೋಡ್ ಮಾಡಸು. ಆಮ್ಯಾಲ ಆ ಕೋಡ್ ಫೈಲ್ ನೋಟ್‌ಪ್ಯಾಡಿನಾಗ ತಗದ್ರ ಕೊನಿಗಿ ಟೋಪಿ ಗುರ್ತು (^) ಇದ್ದು ಎಕ್ಸ್‌ಝಡ್ ಅಂತ ಅದ, ಲೇಬಲ್ ಅಲ್ಲಿಗಿ ಮುಗಿತು ಅಂತ ಅರ್ಥ, ಅದರ ಮುಂಚೆ ಬಾರ್‌ಕೋಡಿನ ಸಾಲು ಸೇರಸ್ಬೇಕು. ಬಿವೈ 3 (ಸಣ್ಣ ಗೆರಿ ಮೂರು ಚುಕ್ಕಿ ದಪ್ಪ), ಬಿಇ (13 ಅಂಕಿಯ ಬಾರ್‌ಕೋಡ್), ಎರಡರ ಮುಂದೂ ಅದೇ ಟೋಪಿ ಗುರ್ತು, ಆಮ್ಯಾಲ 890ರಿಂದ ಶುರುವಾಗೋ ನಿಮ್ಮ ನಂಬರಿನ ಮೊದಲಿನ 12 ಅಂಕಿ, ಹದಿಮೂರನೇದು ಪ್ರಿಂಟರ್ ತಾನೇ ಲೆಕ್ಕ ಹಾಕಿ ಹೊಡಿತದ. ಬಿವೈ 2 ಹಾಕಬ್ಯಾಡ, ಗೆರಿ ಭಾಳ ಸಣ್ಣ ಆಗ್ತದ. ಎಡಕ್ಕ 33 ಚುಕ್ಕಿ, ಬಲಕ್ಕ 21 ಚುಕ್ಕಿ ಜಾಗಾ ಬೆಳ್ಳಗೇ ಇರ್ಲಿ, ಅಲ್ಲಿ ಹೂವಿನ ಬಳ್ಳಿ ಬ್ಯಾಡ. ಪ್ಯಾಕ್ ಮಾಡಿದ ತಾರೀಖು, ಬ್ಯಾಚ್ ನಂಬರೂ ಹಿಂಗೇ ಸಾಲಿನಾಗೇ ಹಾಕು, ಚಿತ್ರದಾಗ ಹೋದ್ರ ಇವತ್ತಿನ ತಾರೀಖೇ ಮುಂದಿನ ತಿಂಗಳೂ ಬರ್ತದ. ಇದು ಝಡ್‌ಪಿಎಲ್‌ದು, ಟಿಎಸ್‌ಸಿ ಇದ್ರ ಸಾಲು ಬ್ಯಾರೆ, ಮೊದಲು ಮಷೀನಿನ ಬೆನ್ನಿನ ಮ್ಯಾಲಿನ ಹೆಸರು ಫೋಟೊ ಹೊಡದು ಕಳಸು. ಮೊದಲು ಒಂದೇ ಲೇಬಲ್ ತಗಿ, ಸೂಪರ್ ಮಾರ್ಕೆಟ್ ಕಡಿ ಗನ್ ಇರೋ ಅಂಗಡಿಗಿ ಒಯ್ದು ಹಿಡಸು, ಓದ್ತಂದ್ರ ಉಳದದ್ದು ತಗಿ. ನಾಳೆ ಮುಂಜಾನೆ ಮನ್ಯಾಗೇ ಇರ್ತೀನಿ, ಫೈಲ್ ಹಿಡ್ಕೊಂಡು ಬಂದ್ರ ಇಬ್ಬರೂ ಕೂತು ಸಾಲು ಹಾಕೋಣ.